ಕೊನೆ ಗದ್ದೆಯ ಬೊಗಸೆ ನೀರು

ಯುದ್ಧದ ಸಿಪಾಯಿಗಳಿಗೆ ಖಾಕಿ ಬೇಕಂತೆ. ಅದಕ್ಕೆ ಹೊಳೆನರಸೀಪುರದ ಪೇಟೆ ಕಾಲ್ವೇನೇ ಆಗ್ಬೇಕಿತ್ತಾ? ಪಂಚಾಕ್ಷರಯ್ಯ ಸಾವ್ಕಾರ್ರು ಕಾಲ್ವೆ ದಡದಾಗೆ ಬಣ್ಣದ ಕಾರ್ಖಾನೆ ಆಕುದ್ರು. ತೊಟ್ಟಿ ತುಂಬ್ಸೋಕೆ ಕಾಲ್ವೆ ಮೇಲ್ಗಡೆಯಿಂದ ನೀರು ಎಳ್ಕೊಳ್ಳೋರು, ಬಣ್ಣದ ಕೊಳೇನ ಕೆಳಗಡೆ ಬಿಡೋರು. ಮೀನೆಲ್ಲ ಸತ್ತು ತೇಲುದ್ವು. ಎಮ್ಮೆಗಳು ಮೂಸಿ ನೋಡಿ ಅಂಗೇ ವಾಪಸ್ ಬರೋವು. ಥೂ, ಅಂಥ ನಾತ.

ನಮ್ಮದು ಕಾಲ್ವೆಯ ಕೊನೆ ಗದ್ದೆ. ವರ್ಷಕ್ಕೊಂದು ಸಲ ಮನೆಗೊಬ್ಬಾಳು ಬಂದು ಹೂಳೆತ್ತುದ್ಮೇಲೆ ನೀರುಗಂಟಿ ತೂಬೆತ್ತಿ ನೀರು ಬಿಡೋನು. ಆ ನೀರು ನಮ್ಮ ಗದ್ದೆ ಮುಟ್ಟಿದಾಗ ನಮ್ಮ ಮನೆ ಗಂಡಸು ಒಂದು ಬೊಗಸೆ ಕುಡೀಬೇಕು. ಕುಡುದ್ರೆ ಕಾಲ್ವೆ ಚೊಕ್ಕಟ ಆಯ್ತು ಅಂತ. ಕುಡೀದಿದ್ರೆ ತೂಬು ಮುಚ್ಚಿ ಮತ್ತೆ ಮೊದಲಿಂದ ಹೂಳೆತ್ತಬೇಕು. ತಾತ ಮುತ್ತಾತನ ಕಾಲದ ಕಟ್ಟಳೆ.

ಕಾರ್ಖಾನೆ ಬಂದ್ಮೇಲೂ ನಮ್ಮ ಯಜಮಾನ್ರು ಕಣ್ಮುಚ್ಕೊಂಡು ಕುಡುದ್ರು. "ಊರೋರ್ನೆಲ್ಲ ಮತ್ತೆ ಕೆಸರಿಗೆ ಇಳಿಸಕ್ಕಾಯ್ತದಾ ಕಾಮಾಕ್ಷಿ?" ಅಂದ್ರು. ಅಯ್ಯೋ, ದೇವ್ರಂಥ ಮನುಷ್ಯ! ಎರಡನೇ ವರ್ಷ ಕುಡುದ್ಮೇಲೆ ಒಟ್ಟೆ ಕಿತ್ಕೊಂಡು ಬಂದು, ದೀಪಾವಳಿ ಕಾಣ್ಲಿಲ್ಲ. ಪಟೇಲ್ರು ಬಂದು "ಆಯಸ್ಸು ಅಷ್ಟೇ ಇತ್ತು ಬಿಡಮ್ಮ" ಅಂದು ಎದ್ದೋದ್ರು.

ಮುಂದಿನ ವರ್ಷ ಬೊಗಸೆ ನನ್ನ ಮಗ ರಂಗಸ್ವಾಮಿ ಪಾಲಿಗೆ ಬಂತು. ನೀರು ಬಂತು, ಅದೇ ದರಿದ್ರ ಖಾಕಿ ಬಣ್ಣ. ಪಟೇಲ್ರು "ಶಾಸ್ತ್ರಕ್ಕೆ ನಾಲಿಗೆಗೆ ಮುಟ್ಟುಸ್ಲಾ, ಸಾಕು" ಅಂದ್ರು. ಅವನೋ ಅಪ್ಪನ ಮಗ, ಬಗ್ಗೇಬಿಟ್ಟ. ನಂಗೆ ಎಲ್ಲಿತ್ತೋ ಸಿಟ್ಟು! ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಚೊಂಬಲ್ಲಿ ಆ ನೀರು ಮೊಗೆದು, ಶಾಸ್ತ್ರ ನೋಡೋಕೆ ಬಂದು ಕುರ್ಚಿ ಮೇಲೆ ಕೂತಿದ್ದ ಸಾವ್ಕಾರ್ರ ಮುಂದೆ ಹಿಡಿದೆ.

"ನೀವೇ ಕುಡೀರಿ ಸ್ವಾಮಿ. ನಾಲಿಗೆಗೆ ಮುಟ್ಟುಸುದ್ರೂ ಸಾಕು."

ಸಾವ್ಕಾರ್ರು ಹೆಗಲ ಮೇಲಿನ ವಲ್ಲಿ ಮೂಗಿಗೆ ಒತ್ಕೊಂಡ್ರು. "ಹೆಂಗಸು ನೀನು, ನಿಂಗ್ಯಾಕಮ್ಮ ಇದೆಲ್ಲ?"

"ತಾಳಿ ಕಳ್ಕೊಂಡೋಳು ನಾನು. ಇನ್ಯಾರಿಗೆ ಬೇಕು?" ಅಂತ ಅವರ ಕಾಲ ಬುಡಕ್ಕೇ ಸುರಿದೆ. "ಕೆಂಪಣ್ಣ, ಯಾರೂ ಕುಡೀಲಿಲ್ಲ ಕಣ. ಮುಚ್ಚು ತೂಬ!"

ನೀರುಗಂಟಿ ಕೆಂಪಣ್ಣ ಪಟೇಲ್ರ ಮುಖ ನೋಡ್ದ, ನನ್ನ ಮುಖ ನೋಡ್ದ. ಓಗಿ ಮುಚ್ಚೇಬಿಟ್ಟ.

ಬೈದ್ರು ನನ್ನ, ಊರೋರೆಲ್ಲ ಬಾಯಿಗೆ ಬಂದಂಗೆ ಬೈದ್ರು. ಮತ್ತೆ ಹೂಳೆತ್ತುದ್ರು, ಮತ್ತೆ ಅದೇ ಬಣ್ಣ ಬಂತು, ಮತ್ತೆ ತೂಬು ಮುಚ್ಚಿಸ್ದೆ. ಭತ್ತದ ಸಸಿ ಒಣಗ್ತು, ನಮ್ಮದೂ ಒಣಗ್ತು. ಆದ್ರೆ ಸಾವ್ಕಾರ್ರ ತೊಟ್ಟೀನೂ ಒಣಗ್ತು ನೋಡಿ, ಆಗ ಬುದ್ಧಿ ಬಂತು. ಕಾರ್ಖಾನೆ ಹಿಂದಿನ ತಮ್ಮ ಬೀಳು ಜಮೀನಲ್ಲೇ ದೊಡ್ಡ ಹೊಂಡ ತೋಡ್ಸಿ ಕೊಳೇನ ಅತ್ಲಾಗೆ ತಿರುಗ್ಸುದ್ರು.

ಈ ಸಲ ತಿಳಿನೀರು ಬಂತು. ರಂಗಸ್ವಾಮಿ ಬೊಗಸೆ ಒಡ್ಡೋಕೆ ಮುಂದೋದ. ಪಟೇಲ್ರು ಅವನ್ನ ಪಕ್ಕಕ್ಕೆ ಸರಿಸಿ, ಸಾವ್ಕಾರ್ರಿಗೆ ಹೂವಿನ ಆರ ಆಕಿ, ಮೊದಲ ಬೊಗಸೆ ಅವರಿಗೇ ಕೊಟ್ರು. ಅವರು ಕುಡಿದು ಮೀಸೆ ಒರೆಸ್ಕೊಂಡ್ರು. "ಪುಣ್ಯಾತ್ಮ, ಕಾಲ್ವೆ ಉಳ್ಸುದ್ರು" ಅಂತ ಜನ ಚಪ್ಪಾಳೆ ತಟ್ಟುದ್ರು.

ಇದೇ ಕಾಲ್ವೆ ವಿಷ ಕುಡಿದು ಸತ್ರಲ್ಲ ನನ್ನ ಗಂಡ, ಅವರನ್ನ ಒಬ್ಬರೂ ಪುಣ್ಯಾತ್ಮ ಅನ್ಲಿಲ್ಲ.