ಜಾಕಿನ ಗಂಟು

ಅವನ ಪಿಕಪ್ಪಿನ ಸೀಟಿನ ಹಿಂದೆ ಒಂದು ಮರದ ಪೆಟ್ಟಿಗೆ. ದಾರಿಯಲ್ಲಿ ಗಾಡಿ ಕೈಕೊಟ್ಟರೆ ಬೇಕಾಗುವುದೆಲ್ಲ ಅದರಲ್ಲಿತ್ತು. ಜಾಕು, ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರು, ಎಳೆಯುವ ಹಗ್ಗ, ಟಾರ್ಚು, ಗಿಡ್ಡ ಹಿಡಿಯ ಗುದ್ದಲಿ, ಚಕ್ರಕ್ಕೆ ಅಡ್ಡ ಕೊಡುವ ಮರದ ತುಂಡುಗಳು, ಗಾಯಕ್ಕೆ ಹಚ್ಚುವ ಔಷಧಿಯ ಡಬ್ಬಿ. ಆದರೆ ಪೆಟ್ಟಿಗೆ ತೆರೆದವರಿಗೆ ಇವು ಯಾವುವೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಬಟ್ಟೆಯ ಗಂಟುಗಳು ಮಾತ್ರ.

ಹಿಂದೆ ಈ ಸಾಮಾನೆಲ್ಲ ಬರಿಮೈಯಲ್ಲಿದ್ದಾಗ ಹಳ್ಳಕ್ಕೊಮ್ಮೆ ದಿಣ್ಣೆಗೊಮ್ಮೆ ಎದ್ದು ಕುಣಿಯುತ್ತಿದ್ದವು. "ಇಂಜಿನ್ನು ನರಳಿದ್ರೆ ನನಗೆ ಕೇಳಿಸಬೇಕು. ಈ ಕಬ್ಬಿಣದ ಹರಟೆಯಲ್ಲಿ ಏನು ಕೇಳಿಸುತ್ತೆ?" ಎಂದು ಅವನು ಗೊಣಗಿದ್ದಕ್ಕೆ ಹೆಂಡತಿ ಹಳೆಯ ಹೊದಿಕೆಯೊಂದನ್ನು ಹರಿದು ತುಂಡು ಮಾಡಿ ಕೊಟ್ಟಿದ್ದಳು. ಅಂದಿನಿಂದ ಒಂದೊಂದು ಸಾಮಾನಿಗೂ ಒಂದೊಂದು ಗಂಟು. ಗಂಟಿನ ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸುವುದು ಅವನೇ ಕಂಡುಕೊಂಡ ಬಗೆ. ಎಷ್ಟು ಕುಲುಕಿದರೂ ಸಡಿಲವಾಗದು, ಕತ್ತಲಲ್ಲೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಕೋಳಿಮರಿ ಕೇಂದ್ರದ ಗುಮಾಸ್ತ ಅವನಿಗೆ ಗಂಟಣ್ಣ ಎಂದೇ ಹೆಸರಿಟ್ಟಿದ್ದ. ಆ ಹೆಸರೇ ನಿಂತುಹೋಯಿತು.

ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಗಂಟಣ್ಣ ಪೆಟ್ಟಿಗೆಯೊಳಕ್ಕೆ ಕೈಬಿಟ್ಟು ಒಂದೊಂದು ಗಂಟನ್ನೂ ಎತ್ತಿ, ಅಂಗೈಯಲ್ಲಿ ತೂಗಿ, ಇಡುತ್ತಿದ್ದ. ಬಿಚ್ಚುತ್ತಿರಲಿಲ್ಲ. ಅಂಗೈಗೆ ಎಲ್ಲ ಗೊತ್ತಿತ್ತು. ಈ ವಿದ್ಯೆಯನ್ನು ಅವನು ಕಲಿಸಿಕೊಟ್ಟಿದ್ದು ಒಬ್ಬನಿಗೆ ಮಾತ್ರ, ಹೆಂಡತಿಯ ತಮ್ಮನಿಗೆ. ಭಾಮೈದ ಎಷ್ಟೋ ವರ್ಷ ಪಕ್ಕದ ಸೀಟಿನಲ್ಲಿ ಕೂತು, ಅದೇ ಸ್ಟೇರಿಂಗು ಹಿಡಿದು ಗಾಡಿ ಕಲಿತು, ಈಗ ಸ್ವಂತ ಪಿಕಪ್ ಮಾಡಿಕೊಂಡಿದ್ದ. ತನಗೆ ಮಗನಿಲ್ಲದ ಕೊರತೆ ಅವನಿಂದ ತೀರಿತು ಎಂದು ಗಂಟಣ್ಣ ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಅಗತ್ಯವಿದೆ ಎಂದೂ ಅನ್ನಿಸಿರಲಿಲ್ಲ.

ಆ ದಿನ ಮರಿಗಳ ಲೋಡು. ಹಿಂದಿನ ದಿನವಷ್ಟೇ ಮೊಟ್ಟೆಯೊಡೆದು ಬಂದ ಮರಿಗಳು, ತೂತು ತೂತಿನ ಪೆಟ್ಟಿಗೆಗಳಲ್ಲಿ ಚಿಂವ್ ಚಿಂವ್ ಎನ್ನುತ್ತಿದ್ದವು.

"ಗಂಟಣ್ಣ, ಎಲ್ಲೂ ನಿಲ್ಲಿಸಬೇಡಿ. ಗಾಡಿ ಓಡ್ತಿದ್ರೆ ಗಾಳಿ, ನಿಂತ್ರೆ ಒಲೆ" ಎಂದ ಗುಮಾಸ್ತ.

"ನಿಲ್ಲಿಸೋಕೆ ನನಗೇನು ದಾರಿಯಲ್ಲಿ ನೆಂಟರಿದ್ದಾರಾ?"

ಗಿಡವಿಲ್ಲ ಮರವಿಲ್ಲದ ಬಯಲು ದಾರಿಯಲ್ಲಿ, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ, ಹಿಂದಿನ ಚಕ್ರ ಉಸ್ಸೆಂದು ಕೂತಿತು. ಗಂಟಣ್ಣ ಗಾಬರಿಯಾಗಲಿಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇತ್ತು. ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟ, ನಟ್ಟುಗಳನ್ನು ಸಡಿಲಿಸಿದ, ಜಾಕಿನ ಗಂಟು ಎತ್ತಿ ತಂದು ತುದಿ ಹಿಡಿದು ಎಳೆದ.

ಒಳಗಿನಿಂದ ಇಟ್ಟಿಗೆ ಜಾರಿ ಬಿತ್ತು. ಅದರ ಹಿಂದೆಯೇ ಇನ್ನೊಂದು ಅರ್ಧ ಇಟ್ಟಿಗೆ.

ಯಾರೋ ಕಳ್ಳ ಎಂದುಕೊಂಡ ಮೊದಲು. ಕಳ್ಳನನ್ನು ನೆನೆದು ಒಂದು ಬೈಗುಳವೂ ಬಾಯಿಗೆ ಬಂತು, ಆದರೆ ನಾಲಿಗೆಯ ಮೇಲೇ ನಿಂತಿತು. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತ್ತಲ್ಲ. ಇಟ್ಟಿಗೆಯ ಮೂಲೆಗಳು ಕೈಗೆ ತಾಗದಂತೆ ಒಳಗೆ ಇನ್ನೊಂದು ಮಡಿಕೆ ಬಟ್ಟೆ ಸುತ್ತಿತ್ತು. ಕಳ್ಳನಿಗೆ ಇಷ್ಟೆಲ್ಲ ಅಕ್ಕರೆ ಎಲ್ಲಿಂದ ಬರಬೇಕು?

ಅವನು ಫೋನು ಮಾಡಿದ.

"ಹೇಳಿ ಭಾವ."

"ಜಾಕು ಎಲ್ಲೋ?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ಡ್ ಆಫ್.

ಮರಿಗಳ ಸದ್ದು ಕಡಿಮೆಯಾಗುತ್ತಿತ್ತು. ಅದೇ ಕೆಟ್ಟ ಗುರುತು. ಇಣುಕಿದರೆ ಪುಟ್ಟ ಕೊಕ್ಕುಗಳೆಲ್ಲ ತೆರೆದುಕೊಂಡಿದ್ದವು. ಗಂಟಣ್ಣ ಟಾರ್ಪಾಲನ್ನು ನೆರಳಿಗೆ ಎತ್ತಿ ಕಟ್ಟಿದ, ಪೆಟ್ಟಿಗೆಗಳ ನಡುವೆ ಗಾಳಿಯಾಡುವಂತೆ ಸಂದು ಬಿಡಿಸಿದ. ಅತ್ತಿತ್ತ ನೋಡಿದರೆ ದಾರಿಯಲ್ಲಿ ನರಪಿಳ್ಳೆಯೂ ಇಲ್ಲ. ಗಾಡಿಯನ್ನು ಮೇಲೆತ್ತಲಾಗದಿದ್ದರೆ ನೆಲವನ್ನೇ ಕೆಳಗಿಳಿಸಬೇಕು. ಚಪ್ಪಟೆ ಕಲ್ಲುಗಳನ್ನು ಹೊತ್ತು ತಂದು ಹಿಂದಿನ ಆಕ್ಸಲ್ಲಿನ ಕೆಳಗೆ ಪೇರಿಸಿದ. ಇನ್ನೊಂದಿಷ್ಟು ಎತ್ತರ ಸಾಲದೆ ಬಂತು. ಸುತ್ತ ಹುಡುಕಿದ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಆ ಇಟ್ಟಿಗೆಯನ್ನೇ ತಂದು ಕಲ್ಲುಗಳ ನಡುವೆ ತುರುಕಿದ. ಗುದ್ದಲಿ ಹಿಡಿದು ಚಕ್ರದ ಕೆಳಗಿನ ಮಣ್ಣನ್ನು ತೋಡತೊಡಗಿದ. ಬೆವರು ಕಣ್ಣಿಗಿಳಿದು ಉರಿಯಿತು. ಅಂತೂ ಚಕ್ರ ಕುಳಿಯಲ್ಲಿ ಜೋತಾಡಿತು. ಭಾರವೆಲ್ಲ ಕಲ್ಲಿನ ಮೇಲೆ, ಇಟ್ಟಿಗೆಯ ಮೇಲೆ. ಇಟ್ಟಿಗೆ ಒಡೆಯಲಿಲ್ಲ. ಸ್ಟೆಪ್ನಿ ಹಾಕಿ, ಗಾಡಿಯನ್ನು ಕುಳಿಯಿಂದ ಮುಂದಕ್ಕೆ ತಂದ ಮೇಲೆ ಒಂದೂವರೆ ಇಟ್ಟಿಗೆಯನ್ನೂ ಎತ್ತಿ ಗಾಡಿಯಲ್ಲಿಟ್ಟುಕೊಂಡ.

ಕೋಳಿ ಫಾರಂ ತಲುಪಿದಾಗ ನಡುವಿನ ಪೆಟ್ಟಿಗೆಗಳಲ್ಲಿದ್ದ ಮರಿಗಳು ಸತ್ತುಹೋಗಿದ್ದವು. ಫಾರಮ್ಮಿನ ಯಜಮಾನಿ ಒಂದೊಂದೇ ಮುಚ್ಚಳ ತೆಗೆದು ನೋಡಿದಳು.

"ನಿಮ್ಮ ಗಾಡಿಯಲ್ಲಾ ಹೀಗಾಗಿದ್ದು, ಅಣ್ಣ?"

"ನನ್ನ ಗಾಡಿಯಲ್ಲೇ ತಾಯಿ."

"ನಿಮ್ಮ ಹತ್ರ ಎಲ್ಲ ಸಾಮಾನು ಇರುತ್ತಲ್ಲ?"

"ಇದೆ ಅಂದ್ಕೊಂಡಿದ್ದೆ."

ಇನ್ನು ಮುಂದೆ ಬೇರೆ ಗಾಡಿ ನೋಡಿಕೊಳ್ಳುತ್ತೇನೆ ಎಂದು ಆಕೆ ಹೇಳಲಿಲ್ಲ. ಆದರೆ ಯಾವಾಗಲೂ ಹೇಳುವಂತೆ, ಮುಂದಿನ ಲೋಡಿಗೂ ನೀವೇ ಬನ್ನಿ ಎಂದೂ ಹೇಳಲಿಲ್ಲ.

ಇಳಿಹೊತ್ತಿಗೆ ಅವನು ನೆಟ್ಟಗೆ ಭಾಮೈದನ ಮನೆಗೆ ಹೋದ. ಅಂಗಳದಲ್ಲಿ ಭಾಮೈದನ ಪಿಕಪ್ ಒಂದು ಕಾಲೆತ್ತಿದ ನಾಯಿಯ ಹಾಗೆ ವಾಲಿ ನಿಂತಿತ್ತು. ಎತ್ತಿ ಹಿಡಿದಿದ್ದು ಗಂಟಣ್ಣನ ಜಾಕು. ಅದರ ಹಿಡಿಗೆ ಅವನೇ ಸುತ್ತಿದ್ದ ಸೈಕಲ್ ಟ್ಯೂಬು ಹಾಗೆಯೇ ಇತ್ತು.

ಭಾಮೈದ ಗಾಡಿಯ ಕೆಳಗಿನಿಂದ ತೆವಳಿ ಎದ್ದು ನಿಂತ. "ಭಾವ, ನನ್ನ ಜಾಕು ಕೆಟ್ಟುಹೋಗಿತ್ತು. ಎರಡು ದಿನದಲ್ಲಿ ತಂದಿಡೋಣ ಅಂತ…"

"ಕೇಳಿದ್ರೆ ಇಲ್ಲ ಅಂತಿದ್ನೇನೋ?"

"ಕೇಳೋಕೆ ನಾಚಿಕೆ ಆಯ್ತು. ಹೋದ ಸಲ ಹಗ್ಗ ತಗೊಂಡು ಹೋಗಿ ಕಳೆದಾಗ ಅಕ್ಕನ ಮುಂದೆ ಬೈದ್ರಲ್ಲ."

"ಸರಿ, ಜಾಕು ತಗೊಂಡೆ. ಇಟ್ಟಿಗೆ ಯಾಕಿಟ್ಟೆ?"

ಭಾಮೈದ ಕೈಗಂಟಿದ ಗ್ರೀಸನ್ನು ಒರೆಸಿಕೊಳ್ಳುತ್ತ ನಿಂತ.

"ಹೇಳೋ. ಜಾಗ ಖಾಲಿ ಬಿಟ್ಟಿದ್ರೆ ಬೆಳಿಗ್ಗೆನೇ ನನ್ನ ಕೈಗೆ ಗೊತ್ತಾಗ್ತಿತ್ತು. ಎಲ್ಲಿಂದಾದ್ರೂ ಇನ್ನೊಂದು ಜಾಕು ತಂದು ಹಾಕ್ಕೊಂಡು ಹೊರಡ್ತಿದ್ದೆ."

"ನೀವು ಬಿಚ್ಚಿ ನೋಡಲ್ಲ ಅಂತ ಗೊತ್ತಿತ್ತು, ಭಾವ." ದನಿ ಸಣ್ಣದಾಯಿತು. "ಒಂದೇ ಇಟ್ಟಿಗೆ ಇಟ್ಟು ನೋಡಿದೆ. ಹಗುರ ಅನ್ನಿಸ್ತು. ಅದಕ್ಕೆ ಇನ್ನೊಂದು ಅರ್ಧ…"

ಗಂಟಣ್ಣನಿಗೆ ಅದು ಕಣ್ಣಿಗೆ ಕಟ್ಟಿತು. ಇವನು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ, ಗಂಟನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ತೂಗುತ್ತಿದ್ದಾನೆ. ತಾನು ಕಲಿಸಿದ ಹಾಗೆಯೇ, ಚಾಚೂ ತಪ್ಪದೆ.

"ಫೋನು ಮಾಡಿದೆನಲ್ಲ. ಎಲ್ಲಿ ನಿಂತಿದ್ದೀರಿ ಭಾವ ಅಂತ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

ಗಂಟಣ್ಣ ಬಗ್ಗಿ ಜಾಕನ್ನು ನಿಧಾನವಾಗಿ ಇಳಿಸಿದ, ಗಾಡಿ ನಾಲ್ಕೂ ಚಕ್ರದ ಮೇಲೆ ಕೂತ ಮೇಲೆ ತೆಗೆದುಕೊಂಡ. ಹೊರಡುವಾಗ ಒಂದೂವರೆ ಇಟ್ಟಿಗೆಯನ್ನು ಮನೆಯ ಮೆಟ್ಟಿಲ ಮೇಲಿಟ್ಟ.

ಮನೆಯಲ್ಲಿ ಹೆಂಡತಿ ಜಾಕನ್ನೂ ಅವನ ಮುಖವನ್ನೂ ನೋಡಿದಳು. ಅವಳ ತಮ್ಮ ಅಷ್ಟರಲ್ಲೇ ಅವಳಿಗೆ ಫೋನು ಮಾಡಿದ್ದ.

"ಅಳ್ತಿದ್ದಾನೆ ರೀ. ಚಿಕ್ಕವನು, ಬುದ್ಧಿ ಸಾಲದು."

"ಬುದ್ಧಿಗೇನು ಕಮ್ಮಿ? ನನಗಿಂತ ಚೆನ್ನಾಗಿ ಗಂಟು ಹಾಕ್ತಾನೆ" ಎಂದು ಗಂಟಣ್ಣ ಕೈ ತೊಳೆಯಲು ಹೋದ.

ಮರುದಿನ ಬೆಳಿಗ್ಗೆ ಎಂದಿನಂತೆ ಪೆಟ್ಟಿಗೆಯೊಳಕ್ಕೆ ಕೈಬಿಟ್ಟ. ಸ್ಪ್ಯಾನರಿನ ಗಂಟು ಎತ್ತಿ ತೂಗಿದ. ಸ್ಪ್ಯಾನರೇ, ಅನುಮಾನವಿಲ್ಲ. ಆದರೂ ಕೈ ಅದನ್ನು ಕೆಳಗಿಡಲು ಒಪ್ಪಲಿಲ್ಲ. ಬಿಚ್ಚಿದ. ಸ್ಪ್ಯಾನರೇ. ಟಾರ್ಚು ಬಿಚ್ಚಿದ, ಹಗ್ಗ ಬಿಚ್ಚಿದ, ಔಷಧಿ ಡಬ್ಬಿಯನ್ನೂ ಬಿಚ್ಚಿ ಮುಚ್ಚಳ ತೆಗೆದು ನೋಡಿದ. ಎಲ್ಲವೂ ಇದ್ದಲ್ಲೇ ಇದ್ದವು. ಮತ್ತೆ ಸುತ್ತಿಡಲು ಬಟ್ಟೆ ಎತ್ತಿಕೊಂಡವನು ಸುತ್ತಲಿಲ್ಲ. ಬಟ್ಟೆಗಳನ್ನೆಲ್ಲ ಒಟ್ಟು ಮಾಡಿ ಹೆಂಡತಿಯ ಕೈಗೆ ಕೊಟ್ಟ. "ನೆಲ ಒರೆಸೋಕೆ ಆಗುತ್ತೆ."

ಮೊದಲ ತಿರುವಿನಲ್ಲೇ ಪೆಟ್ಟಿಗೆ ಗಲಗಲ ಎಂದಿತು. ಮರಿ ಕೇಂದ್ರದ ಗೇಟಿನಲ್ಲಿ ಗುಮಾಸ್ತ ಕಿವಿಗೆ ಕೈ ಅಡ್ಡ ಹಿಡಿದು ನಕ್ಕ.

"ಏನು ಗಂಟಣ್ಣ, ಪಾತ್ರೆ ಅಂಗಡಿ ಶುರು ಮಾಡಿದ್ರಾ?"

"ಇರಲಿ ಬಿಡಿ" ಎಂದ ಗಂಟಣ್ಣ. "ಒಳಗಿದೆ ಅಂತ ಗೊತ್ತಾಗುತ್ತಲ್ಲ."

ಲೋಡು ಹತ್ತಿಸುವವರೆಗೂ ಅವನು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದ. ಗಾಡಿ ಹೊರಟ ಮೇಲೆ ಕಬ್ಬಿಣದ ಹರಟೆಯಲ್ಲಿ ಅದು ಕೇಳಿಸಲಿಲ್ಲ.