ಹದಿನೇಳು ಇಂಚು

ಅಗೆಯುವ ಯಂತ್ರದ ಹಲ್ಲು ಮಣ್ಣೊಳಗೆ ಎಂಥದಕ್ಕೋ ತಾಗಿ ಕಿರ್ರೆಂದಿತು. ಮಾರ್ಲಿಸ್ ಯಂತ್ರ ನಿಲ್ಲಿಸಿ, ಗಾಜಿನ ಗೂಡಿನಿಂದ ತಲೆ ಹೊರಹಾಕಿ, ಇಲ್ಲೊಂದು ಕಲ್ಲಿದೆ ನೋಡು ಬಾ ಎಂದು ಆರ್ಲೋನನ್ನು ಕರೆದಳು.

ಆರ್ಲೋ ಕುಬೆಕ್ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅದು ಕಲ್ಲಲ್ಲ ಎಂದು ಅವನಿಗೆ ಸದ್ದಿನಲ್ಲೇ ಗೊತ್ತಾಯಿತು. ನಲವತ್ತು ವರ್ಷ ಈ ಬೇಸ್‌ಬಾಲ್ ಮೈದಾನದ ಹುಲ್ಲು ಕತ್ತರಿಸಿದವನು, ಸುಣ್ಣದ ಗೆರೆ ಎಳೆದವನು, ಮಳೆ ಬಂದರೆ ಓಡೋಡಿ ಟಾರ್ಪಾಲು ಹೊದಿಸಿದವನು. ಇದರ ಹೊಟ್ಟೆಯಲ್ಲಿ ಎಲ್ಲೆಲ್ಲಿ ಏನೇನಿದೆ ಎಂದು ಅವನಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ. ಇದೊಂದನ್ನು ಮಾತ್ರ ಮರೆಯಲು ನೋಡಿದ್ದ.

ಗಂಟೆ ಹತ್ತಾದರೂ ಮಿಸಿಸಿಪ್ಪಿ ನದಿಯ ಮಂಜು ಬಿಟ್ಟಿರಲಿಲ್ಲ. ಕುರ್ಚಿಗಳನ್ನೆಲ್ಲ ಕಿತ್ತು ಲಾರಿಗೆ ತುಂಬಿಯಾಗಿತ್ತು. ಹಿಂದಿನ ಬೇಲಿಯೂ ಹೋದಮೇಲೆ ಮೈದಾನ ಎಲ್ಲಿ ಮುಗಿಯುತ್ತದೆ, ಊರು ಎಲ್ಲಿ ಶುರುವಾಗುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಮಂಜಿನೊಳಗೆ ದೀಪದ ಕಂಬಗಳು ಮಾತ್ರ ಅರ್ಧರ್ಧ ಕಾಣುತ್ತಿದ್ದವು. ಅವನ್ನೂ ಮುಂದಿನ ವಾರ ಇಳಿಸುವವರಿದ್ದರು.

ನಮ್ಮೂರು ಪೆಲ್ಟನ್‌ನ ಹೆರಾನ್ಸ್ ದೊಡ್ಡ ತಂಡವೇನಲ್ಲ. ದೊಡ್ಡ ತಂಡಗಳಿಗೆ ಹೋಗಬೇಕಾದ ಹುಡುಗರು ಒಂದೆರಡು ಬೇಸಿಗೆ ಇಲ್ಲಿ ಉಣ್ಣುತ್ತಾರೆ, ಆಡುತ್ತಾರೆ, ಮೇಲೆ ಹೋಗುತ್ತಾರೆ. ಮೇಲೆ ಹೋಗಲಾರದವರು ಮನೆಗೆ ಹೋಗುತ್ತಾರೆ. ನಮ್ಮನ್ನು ಸಾಕುವ ದೊಡ್ಡ ತಂಡದವರು ಹೋದ ವರ್ಷ ಒಂದು ಕಾಗದ ಬರೆದರು: ಏಪ್ರಿಲ್ ಒಳಗೆ ಹೊಸ ದೀಪ, ಹೊಸ ಚರಂಡಿ, ಹುಡುಗರಿಗೆ ಹೊಸ ಕೋಣೆಗಳು, ಹೊಸ ನೆಲ ಆಗದಿದ್ದರೆ ತಂಡ ಬೇರೆ ಊರಿನ ಪಾಲು. ಊರು ಹೆದರಿ ಕೈಯೆತ್ತಿ ಒಪ್ಪಿಕೊಂಡಿತು. ಈಗ ಅಲ್ಲಿ ಬರೀ ಕೆಸರಿದ್ದರೂ ಉಪಾಹಾರದ ಅಂಗಡಿಯ ಮಾತಿನಲ್ಲಿ ಮುಂದಿನ ವರ್ಷದ ತಂಡ ಆಗಲೇ ಆಡಿ ಗೆದ್ದಾಗಿತ್ತು. ಡೊಮಿನಿಕನ್ ದೇಶದಿಂದ ಬರಲಿರುವ ಎಡಗೈ ಹುಡುಗನನ್ನು ಯಾರೂ ಕಂಡಿಲ್ಲ, ಆದರೆ ಅವನು ಎಷ್ಟು ಪಂದ್ಯ ಗೆಲ್ಲುತ್ತಾನೆ ಎಂದು ಎಲ್ಲರಿಗೂ ಗೊತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮೂರವರದು ಎತ್ತಿದ ಕೈ.

ಆರ್ಲೋನಿಗೆ ಆ ಮಾತಿನಲ್ಲಿ ಪಾಲಿರಲಿಲ್ಲ. ಹೊಸ ನೆಲವನ್ನು ಡಿ ಮೊಯ್ನ್‌ನ ಕಂಪನಿಯೊಂದು ಹಾಸುತ್ತದೆ, ನೋಡಿಕೊಳ್ಳುವವರೂ ಅವರೇ. ಹಳೆಯದನ್ನು ಅಗೆದು ಮುಗಿಸುವ ತನಕ ಅವನಿಗೆ ಕೆಲಸ, ಆಮೇಲೆ ಕೈಕುಲುಕಿ ಒಂದು ಗಡಿಯಾರ ಕೊಡುತ್ತಾರಂತೆ.

ಅವನ ಪಕ್ಕದಲ್ಲಿ ನಿಂತಿದ್ದವನು ರಾಯ್ಸ್ ಟಿಲ್ಮನ್. ಶಾಲೆಯ ಬಸ್ಸು ಓಡಿಸುವವನು. ಮಕ್ಕಳನ್ನು ಇಳಿಸಿದವನೇ ಶಾಲೆಯ ಅಡುಗೆಮನೆಯಿಂದ ಎರಡು ದಾಲ್ಚಿನ್ನಿ ಸುರುಳಿ ಕಟ್ಟಿಸಿಕೊಂಡು ದಿನಾ ಇಲ್ಲಿಗೆ ಬರುತ್ತಿದ್ದ. ಅರ್ಕಾನ್ಸಾದಿಂದ ಇಪ್ಪತ್ತೊಂದರ ಪ್ರಾಯದಲ್ಲಿ ಚೆಂಡು ಎಸೆಯುವ ಪಿಚರ್ ಆಗಿ ಬಂದವನು, ಎರಡೇ ತಿಂಗಳಲ್ಲಿ ತಂಡ ಅವನನ್ನು ಕಳಿಸಿಬಿಟ್ಟಿತು. ಊರಿಗೆ ವಾಪಸಾಗಲು ಮುಖವಿಲ್ಲದೆ ಇಲ್ಲೇ ಪಾತ್ರೆ ತೊಳೆದ, ಟಿಕೆಟ್ ಮಾರುತ್ತಿದ್ದ ಜೋಲೀನ್‌ಳನ್ನು ಮದುವೆಯಾದ, ನಮ್ಮವನೇ ಆದ. ಅವನ ತಿರುವು ಚೆಂಡು ಬ್ಯಾಟುಗಾರ ನಿಲ್ಲುವ ಪ್ಲೇಟಿನ ತನಕ ಬರದೆ ಅದರ ಮುಂದಿನ ಮಣ್ಣಿಗೇ ಬೀಳುತ್ತಿತ್ತು. "ನನ್ನ ಚೆಂಡಿಗೆ ದಾರೀಲೇ ನಿದ್ದೆ ಬರ್ತಿತ್ತು" ಎಂದು ತಾನೇ ಹೇಳಿ ನಗಿಸುವನು. ಆ ತಮಾಷೆಗೆ ನಾವು ನಲವತ್ತು ವರ್ಷ ನಕ್ಕಿದ್ದೇವೆ. ಆರ್ಲೋ ಮಾತ್ರ ಆ ಹೊತ್ತಿಗೆ ಎದ್ದು ಕಾಫಿ ತುಂಬಿಸಲು ಹೋಗುತ್ತಿದ್ದ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ಮಾರ್ಲಿಸ್ ಕೆಳಗಿಳಿದು ಬೂಟಿನಿಂದ ಮಣ್ಣು ಸರಿಸಿದಳು. ಸಿಮೆಂಟಿನ ದಿಂಡು. ಅದರ ಬೆನ್ನಿಗೆ ಅಂಟಿಕೊಂಡ ಬಿಳಿ ರಬ್ಬರಿನ ಪಟ್ಟಿ ಹಳದಿಗಟ್ಟಿ ಬಿರುಕು ಬಿಟ್ಟಿತ್ತು. ಚೆಂಡು ಎಸೆಯುವಾಗ ಪಿಚರ್ ಪಾದ ಒತ್ತಿ ನಿಲ್ಲುವ ಪಟ್ಟಿ. ಈಗಿನ ಪಟ್ಟಿ ಇದ್ದ ಜಾಗಕ್ಕೆ ಬೆಳಿಗ್ಗೆಯೇ ಕೆಂಪು ಬಾವುಟದ ಗೂಟ ಹೊಡೆದಿದ್ದರು. ಇದು ಅದಕ್ಕಿಂತ ಹೆಚ್ಚುಕಡಿಮೆ ಒಂದು ಮೊಳ ಹಿಂದೆ ಇತ್ತು.

"ಇಷ್ಟು ಹಿಂದೆ ಯಾಕಿದೆ ಇದು?" ಎಂದು ರಾಯ್ಸ್ ಬಗ್ಗಿ ನೋಡಿದ.

ಮಾರ್ಲಿಸ್‌ಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಯಾವ ಕಾಲದ್ದೋ ಏನೋ, ಆಗ ಇಡೀ ಮೈದಾನವೇ ಆಚೀಚೆ ಇದ್ದಿರಬೇಕು ಎಂದಳು. ಆರ್ಲೋನ ಬಾಯಿಗೆ "ಹೌದು" ಎಂಬ ಮಾತು ಬಂದೇಬಿಟ್ಟಿತ್ತು. ಹೌದು ಎಂದಿದ್ದರೆ ದಿಂಡು ಲಾರಿ ಹತ್ತುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ನದಿಯಾಚೆಯ ಹಳ್ಳದಲ್ಲಿ ಬಿದ್ದಿರುತ್ತಿತ್ತು. ಆದರೆ ಅಷ್ಟರಲ್ಲಿ ರಾಯ್ಸ್ ಹೆಬ್ಬೆರಳಿನಿಂದ ಸಿಮೆಂಟಿನ ಪಕ್ಕೆಯನ್ನು ಉಜ್ಜುತ್ತಿದ್ದ. ಸಿಮೆಂಟು ಹಸಿಯಿದ್ದಾಗ ಯಾರೋ ಮೊಳೆಯಿಂದ ಗೀಚಿದ್ದರು: ಎ.ಕೆ., ಏಪ್ರಿಲ್ 1982.

"ಇದು ನಿನ್ನ ಹೆಸರಲ್ವೇನೋ."

ಆರ್ಲೋ ಕಾಫಿಯ ಲೋಟವನ್ನು ನೆಲದ ಮೇಲಿಟ್ಟ. "ನನ್ನದೇ" ಎಂದ. ಮತ್ತೆ, ಇಷ್ಟು ವರ್ಷ ಕನ್ನಡಿಯ ಮುಂದೆ ಅದೆಷ್ಟು ಸಲ ಅಭ್ಯಾಸ ಮಾಡಿದ್ದನೋ, ಅದರಲ್ಲಿ ಒಂದು ಮಾತೂ ನೆನಪಾಗದೆ, ತೋಚಿದ ಹಾಗೆ ಹೇಳಿದ.

ಪಟ್ಟಿಗೂ ಪ್ಲೇಟಿಗೂ ನಡುವೆ ಅರವತ್ತಡಿ ಆರಿಂಚು ಇರಬೇಕು. ಪ್ಲೇಟು ಎಂದರೆ ಮನೆಯ ಆಕಾರದ, ಹದಿನೇಳು ಇಂಚು ಉದ್ದದ ಬಿಳಿ ಹಲಗೆ, ಮಾಡಿನ ಚೂಪು ಹಿಂದಕ್ಕೆ. ಅಳೆಯಬೇಕಾದ್ದು ಆ ಚೂಪಿನಿಂದ. ಕೆಲಸಕ್ಕೆ ಸೇರಿ ಮೂರು ವಾರವಾಗಿದ್ದ ಆರ್ಲೋ ಅಳೆದದ್ದು ಪಿಚರ್ ಕಡೆಗಿನ ಮುಂದಿನ ಅಂಚಿನಿಂದ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದಾರು ಎಂಬ ನಾಚಿಕೆ. ಪಿಚರ್ ನಿಲ್ಲುವ ದಿಬ್ಬ ಕಟ್ಟಿದ, ಪಟ್ಟಿ ಅಲುಗಾಡದಿರಲಿ ಎಂದು ಸಿಮೆಂಟಿನಲ್ಲಿ ಕೂರಿಸಿದ, ಹೆಮ್ಮೆಯಿಂದ ಹೆಸರು ಗೀಚಿದ. ಆ ಬೇಸಿಗೆ ಪೆಲ್ಟನ್‌ನಲ್ಲಿ ಚೆಂಡು ಎಸೆದವರೆಲ್ಲ ಹದಿನೇಳು ಇಂಚು ಹಿಂದಿನಿಂದ ಎಸೆದರು. ಎದುರಾಳಿ ಪಿಚರ್‌ಗಳೂ ಒದ್ದಾಡಿದರು, ಆದರೆ ಅವರು ಮೂರು ದಿನ ಒದ್ದಾಡಿ ಬಸ್ಸು ಹತ್ತಿ ಹೋಗುತ್ತಿದ್ದರು. ವೇಗವಿದ್ದ ನಮ್ಮ ಹುಡುಗರು ಹೇಗೋ ದಾಟಿಕೊಂಡರು. ತಿರುವನ್ನೇ ನಂಬಿದ್ದವನು ರಾಯ್ಸ್ ಒಬ್ಬನೇ.

ಅವನನ್ನು ಕಳಿಸಿ ಮೂರು ವಾರದ ಮೇಲೆ, ಬೇರೆ ಊರಿನ ಮುದಿ ಕೆಲಸಗಾರನೊಬ್ಬ ಹರಟುತ್ತ, ಚೂಪಿನಿಂದ ಅಳೆಯದ ಮೂರ್ಖರೂ ಇದ್ದಾರೆ ಗೊತ್ತಾ ಎಂದು ನಕ್ಕ. ಆರ್ಲೋ ಕೂಡ ನಕ್ಕ. ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ ಒಬ್ಬನೇ ಬಂದು ಹೊಸ ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಹೂತ. ಹಳೆಯದು ಸಿಮೆಂಟಿನಿಂದ ಬಿಡಲಿಲ್ಲ. ಅದರ ಮೇಲೆ ಜೇಡಿಮಣ್ಣು ಮೆತ್ತಿ ಮುಚ್ಚಿದ. ಜುಲೈಯಲ್ಲಿ ತಂಡ ಗೆಲ್ಲತೊಡಗಿತು. ಕೆಟ್ಟ ಹಣ್ಣು ತೆಗೆದೆಸೆದ ಮೇಲೆ ಬುಟ್ಟಿ ಸರಿಹೋಯಿತು ಎಂದು ಮ್ಯಾನೇಜರ್ ಪತ್ರಿಕೆಗೆ ಹೇಳಿದ.

"ಆ ಪೇಪರ್ ನಾನು ಓದಿದ್ದೆ" ಎಂದ ರಾಯ್ಸ್. "ಪಾತ್ರೆ ತೊಳೆಯೋ ಕಡೆ ಗೋಡೆಗೆ ಅಂಟಿಸಿದ್ರು."

ಆಮೇಲೆ ಸ್ನೇಹ ಬೆಳೆಯಿತು. ಬೆಳೆದಷ್ಟೂ ಹೇಳುವುದು ಕಷ್ಟವಾಯಿತು. ರಾಯ್ಸ್‌ನ ಮಗಳ ಮದುವೆಯಲ್ಲಿ ಊಟ ಬಡಿಸಿದವನು ಆರ್ಲೋ. ಆರ್ಲೋನ ಹೆಂಡತಿ ಆಸ್ಪತ್ರೆಯಲ್ಲಿದ್ದ ಒಂದು ತಿಂಗಳು ಅವನ ಬಾಗಿಲಿನ ಹಿಮ ಬಾಚಿದವನು ರಾಯ್ಸ್. ಇಂಥವನ ಮುಂದೆ ಯಾವ ಬಾಯಿಂದ ಹೇಳುವುದು? ಹೇಡಿತನ ಎಂದರೆ ಇದೇ, ಬೇರೆ ಹೆಸರಿಲ್ಲ. ಅದು ಆರ್ಲೋನಿಗೂ ಗೊತ್ತಿತ್ತು.

ರಾಯ್ಸ್ ದಿಂಡಿನ ಪಕ್ಕ ಕೂತು ರಬ್ಬರಿನ ಬಿರುಕಿನೊಳಗಿನ ಮಣ್ಣನ್ನು ಉಗುರಿನಿಂದ ಕೆರೆದ. ಮಂಜು ಅವನ ಟೋಪಿಯ ಅಂಚಿನಲ್ಲಿ ಹನಿಗಟ್ಟಿತ್ತು. ಕೆರೆಯುತ್ತಲೇ ಕೇಳಿದ:

"ಬರ್ಡೆಟ್‌ನಲ್ಲಿ ಹೇಗಿತ್ತು? ಅಲ್ಲಿನ ಪಟ್ಟಿ ಸರಿಯಾಗಿತ್ತಾ?"

ಬರ್ಡೆಟ್ ನದಿಯ ಕೆಳಗಿನ ಊರು. ಆ ಎರಡು ತಿಂಗಳಲ್ಲಿ ಪರವೂರಿನಲ್ಲಿ ಎಸೆಯಲು ರಾಯ್ಸ್‌ಗೆ ಸಿಕ್ಕಿದ್ದು ಅದೊಂದೇ ಪಂದ್ಯ. ಏಳು ಸರದಿ ಎಸೆದ. ಅವನ ಚೆಂಡಿಗೆ ಅವರು ಬ್ಯಾಟು ತಾಗಿಸಿ ಓಡಿದ್ದು ಎರಡೇ ಸಲ. ನಿಂತ ಗಡಿಯಾರವೂ ದಿನಕ್ಕೆರಡು ಸಲ ಸರಿಯಾದ ಗಂಟೆ ತೋರಿಸುತ್ತದೆ ಎಂದು ಮ್ಯಾನೇಜರ್ ಅಂದಿದ್ದನಂತೆ. ರಾಯ್ಸ್ ಆ ಪಂದ್ಯದ ಮಾತೆತ್ತಿದ್ದೇ ಅಪರೂಪ. ಎತ್ತಿದರೂ ಯಾರದೋ ಅದೃಷ್ಟ ತಪ್ಪಿ ತನ್ನ ಕೈಗೆ ಬಿದ್ದಿತ್ತೆಂಬಂತೆ ಹೇಳಿ ಮುಗಿಸುತ್ತಿದ್ದ.

"ಸರಿಯಾಗಿತ್ತು" ಎಂದ ಆರ್ಲೋ. "ಅದನ್ನ ಅಳೆದೋನು ನಾನಲ್ಲ."

"ಹಾಗಾದ್ರೆ ಅವತ್ತು ಎಸೆದೋನು ನಾನೇ."

ಇದನ್ನು ಅವನು ಆರ್ಲೋನಿಗೆ ಹೇಳಲಿಲ್ಲ. ಮಂಜಿನ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆ ಎಂಬ ಹಾಗೆ ಹೇಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಇಷ್ಟು ತಡವಾಗಿ ಮನೆಗೆ ಬಂದದ್ದನ್ನು ಕಂಡು ಬಾಗಿಲು ತೆರೆಯಬೇಕೋ ಬೇಡವೋ ತಿಳಿಯದೆ ನಿಂತವನ ಮುಖ ಅದು.

ಆರ್ಲೋನಿಗೆ ತಡೆಯಲಾಗಲಿಲ್ಲ. "ಬೈಯಿ ಮಾರಾಯ. ಬೇಕಾದ್ರೆ ಎರಡು ಬಿಡು, ತಿಂತೀನಿ."

"ಬೈದ್ರೆ ನಿನಗೆ ಹಗುರ ಆಗುತ್ತೆ."

ಮಾರ್ಲಿಸ್ ಇಬ್ಬರನ್ನೂ ಒಮ್ಮೆ ನೋಡಿ, ಗೂಡಿಗೆ ಹತ್ತಿ, ಇನ್ನೂ ಗುರುಗುಡುತ್ತಿದ್ದ ಯಂತ್ರದ ಕೀಲಿ ತಿರುಗಿಸಿ ಸದ್ದು ಪೂರ್ತಿ ಅಡಗಿಸಿದಳು. ನದಿಯ ಮೇಲೆ ಎಲ್ಲೋ ಒಂದು ದೋಣಿ ಕೂಗಿತು. ರಾಯ್ಸ್ ಮೊಣಕಾಲಿಗೆ ಕೈಕೊಟ್ಟು ಎದ್ದ. ನಡೆದು ಹೋಗಿ ಕೆಂಪು ಬಾವುಟದ ಗೂಟವನ್ನು ಕಿತ್ತು ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಬಲಗಾಲು ಒತ್ತಿ ನಿಂತ. ಕೆಸರು ಅವನ ಬಸ್ಸಿನ ಬೂಟನ್ನು ಮೆಲ್ಲಗೆ ಒಳಗೆಳೆದುಕೊಂಡಿತು. ಪ್ಲೇಟಿದ್ದ ಕಡೆಗೆ ಗದ್ದ ತೋರಿಸಿ, "ಹೋಗಿ ಅಲ್ಲಿ ಕೂತ್ಕೋ" ಎಂದ.

ಆರ್ಲೋ ಹೋದ. ಪ್ಲೇಟನ್ನು ಹೋದ ವಾರವೇ ಕಿತ್ತಿದ್ದರು, ಉಳಿದದ್ದು ನೀರು ನಿಂತ ಒಂದು ತಗ್ಗು. ಅದರ ಹಿಂದೆ ಕುಕ್ಕರಗಾಲಿನಲ್ಲಿ ಕೂರಲು ಹೋಗಿ, ಅರವತ್ತಾರರ ಮಂಡಿ ಒಪ್ಪದೆ, ಕೆಸರಿನಲ್ಲೇ ಮಂಡಿಯೂರಿದ. ಚಳಿ ಪ್ಯಾಂಟನ್ನು ದಾಟಿ ಮೂಳೆಗಿಳಿಯಿತು. ಯಾವ ಎಸೆತ ಬೇಕೆಂದು ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಬೆರಳು ತೋರಿಸಿ ಕೇಳುತ್ತಾನೆ, ಒಪ್ಪಿದರೆ ಪಿಚರ್ ತಲೆದೂಗುತ್ತಾನೆ, ಒಲ್ಲೆನಾದರೆ ಅಡ್ಡಡ್ಡ ಅಲ್ಲಾಡಿಸುತ್ತಾನೆ. ಇಷ್ಟನ್ನು ಆರ್ಲೋ ನಲವತ್ತು ವರ್ಷ ಬದಿಯಿಂದ ಕಂಡಿದ್ದ.

ಒಂದು ಬೆರಳು ತೋರಿಸಿದ. ನೇರ, ವೇಗದ್ದು.

ಅರವತ್ತಡಿ ಆಚೆ, ಬಿಳಿಯ ಮಂಜಿನಲ್ಲಿ, ರಾಯ್ಸ್ ತಲೆಯನ್ನು ಅಡ್ಡಡ್ಡ ಆಡಿಸಿದ. ಬರಿಗೈ ಬೆನ್ನ ಹಿಂದೆ ಇತ್ತು, ಅದರೊಳಗೆ ಏನೋ ಇರುವ ಹಾಗೆ.

ಆರ್ಲೋ ಎರಡು ಬೆರಳು ತೋರಿಸಿದ. ತಿರುವು.

ರಾಯ್ಸ್ ಒಪ್ಪಲಿಲ್ಲ.

ಅವನಿಗೆ ಗೊತ್ತಿದ್ದ ಎಸೆತಗಳು ಅವೆರಡೇ, ಅದು ಇಬ್ಬರಿಗೂ ತಿಳಿದದ್ದು. ಒಪ್ಪುವುದೋ ಬಿಡುವುದೋ ಈ ಸಲ ರಾಯ್ಸ್ ಕೈಯಲ್ಲಿತ್ತು. ಆರ್ಲೋ ಎದ್ದು ಹೋಗಬಹುದಿತ್ತು. ಏಳಲಿಲ್ಲ. ತಣ್ಣನೆಯ ನೀರಿನಲ್ಲಿ ಮಂಡಿಯನ್ನು ಇನ್ನಷ್ಟು ಒತ್ತಿ ಮೂರನೆಯ ಬೆರಳು ಬಿಚ್ಚಿದ. ಅಲ್ಲಿ ತಲೆ ಮತ್ತೆ ಅಡ್ಡಡ್ಡ ಆಡಿತು. ಆರ್ಲೋ ನಾಲ್ಕನೆಯ ಬೆರಳನ್ನೂ ಬಿಚ್ಚಿ ಕಾದ.