ಬೈಬಲ್ಲಿನ ಕ್ರಮ

ಈ ಚರ್ಚಿನ ತೊಲೆಗಳನ್ನು ನಮ್ಮಪ್ಪ ಕಾಡಿನಿಂದ ಹೆಗಲ ಮೇಲೆ ಹೊತ್ತು ತಂದ ವರ್ಷ, ಸಭೆಯ ಹಿರಿಯ ಎಟುವಾಟಿ ಎಲ್ಲರೆದುರು ಅವನಿಗೆ ಮಾತು ಕೊಟ್ಟಿದ್ದ: "ನಿನ್ನ ಮೊಮ್ಮಕ್ಕಳಿಗೆಲ್ಲ ಇಲ್ಲೇ ದೀಕ್ಷಾಸ್ನಾನ ಆಗ್ತದೆ. ನಾನಿದ್ದೀನಿ." ಅಪ್ಪ ಸತ್ತು ಎಷ್ಟೋ ವರ್ಷವಾಯಿತು. ಎಟುವಾಟಿ ಇದ್ದಾನೆ. ಸವಾಯಿ ದ್ವೀಪದ ನಮ್ಮ ಹಳ್ಳಿಯಲ್ಲಿ ಅವನಷ್ಟು ಗಟ್ಟಿಯಾಗಿ ಇರುವವರು ಇನ್ನೊಬ್ಬರಿಲ್ಲ.

ನನ್ನ ನಾಲ್ಕು ಮಕ್ಕಳಿಗೂ ಆಯಿತು. ತಂಗಿ ಫಿಲೆಮುವಿನ ಮಗುವಿನ ಸರದಿ ಬಂದಾಗ ಗಂಟು ಬಿತ್ತು. ಅವಳೂ ಪೆನಿಯೂ ಮದುವೆಯಾಗದೆ ಕೂಡಿ ಬಾಳುತ್ತಿದ್ದಾರೆ. ಪೆನಿಯ ಮೊದಲ ಹೆಂಡತಿ ಆಕ್ಲೆಂಡಿಗೆ ಹೋದವಳು ವಿಚ್ಛೇದನಕ್ಕೂ ಒಪ್ಪಳು, ವಾಪಸೂ ಬಾರಳು. ಇದು ಊರಿಗೆಲ್ಲ ಗೊತ್ತು. ಆದರೂ ಭಾನುವಾರ ಆರಾಧನೆಯ ನಡುವೆ ಎಟುವಾಟಿ ಎದ್ದು, ಸಭೆ ಫಿಲೆಮುವನ್ನು ಕರ್ತನ ಭೋಜನದ ರೊಟ್ಟಿ-ದ್ರಾಕ್ಷಾರಸದಿಂದ ಹೊರಗಿಟ್ಟಿದೆ, ಮಗುವಿಗೆ ದೀಕ್ಷಾಸ್ನಾನವಿಲ್ಲ ಎಂದು ಸಾರಿಬಿಟ್ಟ.

ಮಧ್ಯಾಹ್ನ ಸಭಾಪಾಲಕರ ಮನೆಯಲ್ಲಿ ಹಿರಿಯರೆಲ್ಲ ಊಟಕ್ಕೆ ಕೂತರು. ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಎಲೆ ಫಿಲೆಮು ಮಾಡಿ ತಂದದ್ದು. ಅದನ್ನು ಯಾರೂ ಹೊರಗಿಡಲಿಲ್ಲ.

ಹಿರಿಯರೆದುರು ನಿಂತು ಮಾತಾಡುವ ಹಾಗಿಲ್ಲ. ಫಿಲೆಮು ಬಾಗಿಲ ಬಳಿ ಚಾಪೆಯ ಮೇಲೆ ಕೂತು ಕೇಳಿದಳು:

"ದೊಡ್ಡಪ್ಪ, ತಪ್ಪು ಮಾಡಿದವರ ಹತ್ರ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ರೆ ಒಬ್ಬಿಬ್ಬರನ್ನ ಕರ್ಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಅಂತಲ್ವಾ ಬೈಬಲ್ಲಲ್ಲಿರೋದು? ನನ್ನ ಹತ್ರ ಯಾರು ಬಂದ್ರಿ?"

"ನನ್ನ ಹೆಂಡ್ತಿ ನಿಮ್ಮ ಸೋದರತ್ತೆ ಹತ್ರ ಹೇಳಿದ್ಲಲ್ಲ," ಎಂದ ಎಟುವಾಟಿ, ಬೆರಳು ನೆಕ್ಕುತ್ತ.

"ಅದಕ್ಕೆ ಚಾಡಿ ಅಂತಾರೆ, ದೊಡ್ಡಪ್ಪ."

ಸಭಾಪಾಲಕರು ಕೆಮ್ಮಿದರು. ಹುಡುಗಿ ಹೇಳುವುದು ಸರಿ, ಕ್ರಮ ತಪ್ಪಿದೆ, ಮೊದಲಿಂದ ಕ್ರಮವಾಗಿ ನಡೆಸಿ ಎಂದರು. ಫಿಲೆಮುವಿನ ಮುಖ ಅರಳಿತು. ನನ್ನದು ಅರಳಲಿಲ್ಲ, ಈ ಮಂದಿಗೆ ಬಡಿಸಿ ಬಡಿಸಿ ನನಗೆ ಅಭ್ಯಾಸವಿದೆ.

ಸೋಮವಾರ ಎಟುವಾಟಿ, ನಾವೆಲ್ಲ ಒಟ್ಟಿಗಿರುವ ಮನೆಗೆ ಒಬ್ಬನೇ ಬಂದ. ಹಿರಿಯರು ಮನೆಗೆ ಬಂದರೆ ಹಸಿದು ಕಳಿಸುವುದುಂಟೇ? ಹುಂಜ ಕೊಯ್ದೆವು. ನನ್ನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಅವನು ಪ್ರಾರ್ಥಿಸಿದ, ತಿಂದ, ಮತ್ತೆ ಪ್ರಾರ್ಥಿಸಿದ.

"ಪೆನಿ ಹೆಂಡ್ತಿ ವಿಚ್ಛೇದನಕ್ಕೆ ಸಹಿ ಹಾಕೋದಿಲ್ಲ, ದೊಡ್ಡಪ್ಪ," ಎಂದಳು ಫಿಲೆಮು. "ಪೆನೀನ ಬಿಟ್ರೆ ಮಗೂಗೆ ಅಪ್ಪ ಇಲ್ಲ. ನಾನೇನು ಮಾಡ್ಲಿ, ನೀವೇ ಹೇಳಿ."

"ಪಶ್ಚಾತ್ತಾಪ ಪಡು ಮಗಳೇ. ತೊಡೆ ತುಂಡು ಉಳಿದಿದ್ರೆ ಎಲೇಲಿ ಸುತ್ತಿಕೊಡು."

ಬುಧವಾರ ಇಬ್ಬರು ಸಾಕ್ಷಿಗಳೊಂದಿಗೆ ಬಂದ. ಹಂದಿಮರಿ ಹೋಯಿತು. ಒಬ್ಬ ಸಾಕ್ಷಿ ಉಂಡಲ್ಲೇ ಗೊರಕೆ ಹೊಡೆದ. ಇನ್ನೊಬ್ಬ, ಚರ್ಮ ಇನ್ನೂ ಗರಿಗರಿಯಾಗಬೇಕಿತ್ತು ಎಂದು ಸಾಕ್ಷಿ ನುಡಿದ. ಪೆನಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವರೆದುರೇ ಕೂತಿದ್ದ. ಪಾಪದಲ್ಲಿ ಅವನದೂ ಪಾಲಿದೆ ಎಂಬುದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಭಾನುವಾರ ಎಟುವಾಟಿ ಮತ್ತೆ ಎದ್ದ. ಈ ಸಲ ಎಲ್ಲವೂ ಬೈಬಲ್ಲಿನ ಪ್ರಕಾರವೇ ನಡೆದಿದೆ, ಫಿಲೆಮು ಕಿವಿಗೊಡಲಿಲ್ಲ, ಆದ್ದರಿಂದ ವಾಕ್ಯ ಹೇಳುವಂತೆ ಇನ್ನು ಅವಳು ನಮಗೆ ಸುಂಕದವರ ಸಮ, ಹತ್ತಿರ ಸೇರಿಸಬಾರದ ಪಾಪಿ ಎಂದು ಅದೇ ತೀರ್ಪನ್ನು ಒಪ್ಪಿಸಿದ.

ಫಿಲೆಮು ಮಗುವಿನೊಂದಿಗೆ ಕೊನೆಯ ಬೆಂಚಿನಲ್ಲಿದ್ದಳು. ದನಿ ಏರಿಸಲಿಲ್ಲ.

"ಯೇಸು ಸುಂಕದವರ ಮನೇಲಿ ಉಂಡ, ದೊಡ್ಡಪ್ಪ. ನೀವೂ ಉಂಡ್ರಿ. ಉಂಡು ಕೈ ತೊಳ್ಕೊಂಡ ಮೇಲೆ ಅವನೂ ಹಿಂಗೇ ಮಾಡಿದ್ನಾ?"

ಹೆಂಗಸರ ಬಿಳಿ ಟೋಪಿಗಳ ನಡುವೆ ಯಾರೋ ಕಿಸಕ್ಕನೆ ನಕ್ಕರು. ಸಭಾಪಾಲಕರು ಕೂಡಲೇ ಕೀರ್ತನೆ ಎತ್ತಿಕೊಂಡರು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆಲ್ಲ ನಮ್ಮಲ್ಲಿ ಕೀರ್ತನೆಯೇ ಉತ್ತರ, ಮತ್ತು ನಾವು ಬಹಳ ಚೆನ್ನಾಗಿ ಹಾಡುತ್ತೇವೆ.

ಮಗುವಿಗೆ ಈ ಚರ್ಚಿನಲ್ಲಿ ದೀಕ್ಷಾಸ್ನಾನ ಆಗಲಿಲ್ಲ. ಎಟುವಾಟಿ ಅಪ್ಪನಿಗೆ ಕೊಟ್ಟ ಮಾತು ಮುರಿದ.